ಬಳೆಗಾಡಿಯ ಜಪಾನ್ ಗಾಲಿಗಳು

ಬೆಟಗೇರಿ
ತಾ. ೧೯-೭-೧೯೮೪, ಗುರುವಾರ

ಪ್ರೀತಿಯ ಸಾಬೀರಾ,

ನಿನಗೆ ಸಲಾಂ, ಮಹಬೂಬನಿಗೆ ಎರಡೂ ಕೆನ್ನೆಗೆ ಮುತ್ತು. ನಿನ್ನ ಎರಡು ಕಾಗದಗಳೂ ಮುಟ್ಟಿವೆ. ಮೊದಲನೆಯದಕ್ಕೆ ಉತ್ತರ ಬರೆಯಲಿಲ್ಲವೆಂದು ಎರಡನೆಯದರಲ್ಲಿ ಚೆನ್ನಾಗಿ ಉಗಿದಿದ್ದೀ. ಅಂಗಡಿಯಲ್ಲಿ ಕೆಲಸ ಬಹಳ, ಪುರುಸೊತ್ತಾಗಲಿಲ್ಲ ಎಂದು ಬರೆದು ಪಾರಾಗಬಹುದಿತ್ತು. ಆದರೆ ದಿನಾ ಕತ್ತಲಾಗುವವರೆಗೆ ಹಳೆಯ ಟಯರುಗಳ ನಡುವೆ ನೊಣ ಹೊಡೆಯುತ್ತ ಕೂತಿದ್ದೇನೆ ಎಂದು ಪಕ್ಕದ ಮನೆ ಫಕ್ಕೀರವ್ವ ನಿನಗೆ ಹೇಗಾದರೂ ಸುದ್ದಿ ಮುಟ್ಟಿಸುತ್ತಾಳೆ. ಪುರುಸೊತ್ತು ಬೇಕಾದಷ್ಟಿತ್ತು. ಬರೆಯಲು ಕೈ ಬರಲಿಲ್ಲ, ಅಷ್ಟೆ. ಮಾಫ್ ಮಾಡು.

ಇಲ್ಲಿ ಎಲ್ಲ ನೆಟ್ಟಗಿದೆ. ಅಡುಗೆಮನೆಯ ಮೂಲೆ ಈ ಸಲವೂ ಸೋರಿತು, ಹಂಚು ಸರಿಸಿ ಕೂರಿಸಿದ್ದೇನೆ. ಫಕ್ಕೀರವ್ವ ದಿನಾ ರೊಟ್ಟಿ ಕೊಟ್ಟು ಕಳಿಸುತ್ತಾಳೆ, ಜೊತೆಗೆ ಒಂದೊಂದು ಮಾತನ್ನೂ ಕಳಿಸುತ್ತಾಳೆ. "ಹೆಂಡ್ತಿನ್ನ ಯಾವಾಗ ಕರಕೊಂಡ ಬರತೀಯೋ ಗೌಸೂ? ಮೈಯಾಗ ಎಲಬು ಎಣಸೂ ಹಂಗ ಆಗೀಯಲ್ಲೋ!" ಎಂದು ನಿನ್ನೆ ಓಣಿಗೆಲ್ಲ ಕೇಳುವಂತೆ ಅಂದಳು. ನಾನು ನಕ್ಕು ಒಳಗೆ ಹೋದೆ.

ಇನ್ನು ನಿಮ್ಮಪ್ಪನ ವಿಷಯ. ನೀನು ಬರೆದದ್ದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅವರು ರಮಜಾನಿನ ಹಬ್ಬಕ್ಕೆ ಮೊದಲೇ ಗಾಡಿ ಕಟ್ಟುವುದು ಬಿಟ್ಟರೆಂದೂ, ಎತ್ತು ಮೇವಿನ ಗ್ವಾದಲಿಯ ಮುಂದೆ ಸುಮ್ಮನೆ ನಿಂತಿದೆಯೆಂದೂ ಬರೆದಿದ್ದೀ. ಪಂಚಮಿ ಹತ್ತಿರ ಬಂತು, ಮುಂಡರಗಿಯ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳೆಲ್ಲ ಗುಡುಸಾಬರ ಬಳೆಗೇ ಕಾಯುವ ಕಾಲ. ಅಂಥದರಲ್ಲಿ ಅವರು ಒಂದು ಬಳೆ ಎತ್ತಿಕೊಂಡು ಉಗುರಿನಿಂದ ಟಿಣ್ ಎನ್ನಿಸಿ, ಕಿವಿಗೆ ಹಿಡಿದು, ಕೆಳಗಿಟ್ಟು, ಮತ್ತೆ ಅದನ್ನೇ ಎತ್ತಿಕೊಂಡು ಮಾಮಿಗೆ "ಇದು ಒಡಕೋ ಚಲೋನೋ ನೀನ ಕೇಳು, ನನಗ ನಂಬಿಕಿ ಇಲ್ಲ" ಎನ್ನುತ್ತಾರೆಂದು ಬರೆದಿದ್ದೀ. ಅಲ್ಲಿಂದ ಮುಂದೆ ನನಗೆ ಓದಲಾಗಲಿಲ್ಲ. ಆ ಕಿವಿಯನ್ನು ನಂಬಿ ಬಾಗಲಕೋಟೆಯ ಬಳೆ ವ್ಯಾಪಾರಿಗಳೂ ತಮ್ಮ ಮಾಲನ್ನು ಅವರ ಮುಂದೆ ಇಡುತ್ತಿದ್ದರು.

"ತಲಿ ಮೊದಲಿನಂಗ ಇಲ್ಲವ್ವಾ" ಎಂದು ಅವರೇ ಹೇಳುತ್ತಾರೆ, ಗದಗಿನಲ್ಲಿ ತಲೆಯ ಡಾಕ್ಟರರು ಇದ್ದರೆ ವಿಚಾರಿಸಿ ಎಂದು ಬರೆದಿದ್ದೀ. ವಿಚಾರಿಸಿದೆ. ಒಬ್ಬರ ದವಾಖಾನೆಗೂ ಹೋದೆ. ಪಾಳಿಯಲ್ಲಿ ಕೂತೆ. ಕಾಂಪೌಂಡರ್ ನನ್ನ ಹೆಸರು ಕರೆದಾಗ ಎದ್ದು ಹೊರಗೆ ಬಂದುಬಿಟ್ಟೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ತಡೆ. ಅದಕ್ಕೆ ಆ ಕಾರಿನ ಕತೆಯಿಂದಲೇ ಶುರುಮಾಡಬೇಕು.

ಲಕ್ಷ್ಮೇಶ್ವರದ ಹತ್ತಿ ಮಿಲ್ಲಿನ ದೇವೇಂದ್ರಪ್ಪ ಸಾವ್ಕಾರರು ಗೋವಾದಿಂದ ಒಂದು ಜಪಾನ್ ಕಾರು ತಂದದ್ದು ನಿನಗೆ ನೆನಪಿರಬೇಕು. ಟೊಯೊಟಾ ಸೆಲಿಕಾ. ಎರಡೇ ಬಾಗಿಲು, ಉದ್ದ ಮೂತಿ, ಐದು ಗೇರು. ಯಾರೋ ಕುವೈತಿನಿಂದ ಬಂದವರು ಹಡಗಿನಲ್ಲಿ ತಂದು ಮಾರಿದ್ದಂತೆ. ನಮ್ಮ ರಸ್ತೆಯಲ್ಲಿ ಅಂಬಾಸಿಡರ್ ತೇಕುತ್ತಾ ಹೋಗುವಲ್ಲಿ ಅದು ಕಣ್ಣು ಮಿಟುಕಿಸುವುದರಲ್ಲಿ ಮಾಯವಾಗುತ್ತದೆ. ಅದರ ಗಾಲಿಗಳೂ ಕಂಪನಿಯವಲ್ಲ. ಮೊದಲಿನ ಮಾಲೀಕ ಆಸೆಪಟ್ಟು ಬೇರೆ ಹಾಕಿಸಿದ್ದು. ಮುಂಬಯಿಯವರು ಮ್ಯಾಗ್ ವೀಲ್ ಎನ್ನುತ್ತಾರಲ್ಲ, ಆ ಜಾತಿಯ ಅಲ್ಯೂಮಿನಿಯಂ ಗಾಲಿ, ನಡುವೆ ಎಂಟು ಎಸಳು. ಸಾವ್ಕಾರರೇ ಓಡಿಸುವವರು. ಶಿರಹಟ್ಟಿಯ ಈಚೆಗೆ ಒಂದು ಕಿರುಸೇತುವೆಯ ಕಲ್ಲಿಗೆ ಎಡಗಡೆಯ ಎರಡೂ ಗಾಲಿ ಬಡಿಸಿ ಎಸಳು ಮುರಿದುಕೊಂಡರು. ಕಬ್ಬಿಣದ್ದಾದರೆ ಸೊಟ್ಟಾಗುತ್ತಿತ್ತು, ಬಡಿದು ನೆಟ್ಟಗೆ ಮಾಡುತ್ತಿದ್ದೆ. ಇದು ಚಟ್ಟನೆ ಮುರಿಯುತ್ತದೆ.

ಸಾವ್ಕಾರರು ಮುಂಬಯಿಗೆ ಜನ ಕಳಿಸಿ ನೋಡಿದರು, ಗೋವಾದಲ್ಲಿ ಕೇಳಿಸಿದರು, ಹುಬ್ಬಳ್ಳಿಯವರು "ಈ ಭಾಗದಾಗ ಇಂಥಾ ಗಾಲಿ ಸಿಗೂದ ಇಲ್ಲ" ಎಂದು ಕೈ ಚೆಲ್ಲಿದರು. ಆಮೇಲೆ ನನ್ನ ಅಂಗಡಿಗೆ ಬಂದರು. "ಗೌಸಸಾಬ, ಹಳೇದರ ಆಗವಲ್ದ್ಯಾಕ, ಇಂಥಾವ ಎರಡು ಹುಡಿಕಿ ಕೊಡು. ನಮ್ಮ ಮಿಲ್ಲಿನ ಲಾರಿ, ಜೀಪು ಎಲ್ಲಾದರ ಗಾಲಿ ಕೆಲಸಾನೂ ನಿನಗ" ಎಂದರು. ಹುಬ್ಬಳ್ಳಿಯವರಿಗೆ ಆಗದ್ದು ಬೆಟಗೇರಿಯ ಗೌಸಸಾಬನಿಗೆ ಆಗುತ್ತದೆ ಎಂದು ಊರು ಅನ್ನಬೇಕು ಎಂಬ ಹುಚ್ಚು ನನಗೆ ಆಗಲೇ ಹತ್ತಿತು. ಆ ಹುಚ್ಚು ನನಗೆ ಹೇಗೆ ಹತ್ತುತ್ತದೆಂದು ನಿನಗಿಂತ ಬೇರೆ ಯಾರಿಗೆ ಗೊತ್ತು!

ಸಾಬೀರಾ, ಇಂಥ ಕಾರಿಗೆ ಹಳೆಯ ಗಾಲಿ ಹುಡುಕುವುದು ನಿಮ್ಮಪ್ಪ ನಿನಗೆ ಗಂಡ ಹುಡುಕಿದ್ದಕ್ಕಿಂತ ಕಷ್ಟ. ಬೋಲ್ಟಿನ ನಾಲ್ಕು ತೂತೂ ಕೂದಲೆಳೆ ಆಚೀಚೆ ಇರಬಾರದು. ನಡುವಿನ ತೂತು ಅಚ್ಚಿನ ಮೂತಿಯ ಮೇಲೆ ಸರಿಯಾಗಿ ಕೂರಬೇಕು. ಎಲ್ಲಕ್ಕಿಂತ ಮುಖ್ಯ, ಗಾಲಿ ಎಷ್ಟು ಒಳಕ್ಕೆ ಕೂರುತ್ತದೆ ಎಂಬುದು. ಒಂದು ಬೆರಳು ಹೆಚ್ಚು ಹೊರಗೆ ಬಂದರೆ ಟಯರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕದ್ದಕ್ಕೆ ಐದು ತೂತು. ಶಿರಹಟ್ಟಿಯಲ್ಲಿ ಜೀಪು ರಿಪೇರಿ ಮಾಡುವ ಸಕ್ರಪ್ಪನ ಹತ್ತಿರ ಯಾವುದೋ ಡಾಟ್ಸನ್ ಕಾರಿನ ಗಾಲಿಯ ಜೋಡಿ ಇತ್ತು. ಬೋಲ್ಟು ಬೆಣ್ಣೆಯಲ್ಲಿ ಇಳಿದಂತೆ ಇಳಿದವು, ಸ್ಟಿಯರಿಂಗ್ ತಿರುಗಿಸಿದರೆ ಟಯರು ಒಳಗೆ ತಾಗಿತು. "ನಡುವ ಒಂದು ತಗಡು ಕೊಟ್ಟು ಕುಂದ್ರಸೋಣು ತಗೋ, ಯಾರು ನೋಡ್ತಾರ?" ಎಂದ ಸಕ್ರಪ್ಪ. "ಆ ಗಾಡಿ ನೂರರ ಮ್ಯಾಲ ಓಡತೈತಿ, ಮನಿಷ್ಯಾನ ಜೀವದ ಪ್ರಶ್ನೆ ಐತಿ" ಎಂದು ಅವನ ಮೇಲೆ ರೇಗಿದೆ. ಗಾಲಿಯ ವಿಷಯದಲ್ಲಿ ಸುಳ್ಳು ನಡೆಯುವುದಿಲ್ಲ ಎಂದು ದೊಡ್ಡದಾಗಿ ಭಾಷಣ ಬಿಗಿದೆ. ಈಗ ಅದನ್ನು ನೆನೆಸಿಕೊಂಡರೆ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ.

ಯಾಕೆಂದರೆ ಅಂಥ ಎಂಟೆಸಳಿನ ಗಾಲಿ ಎಲ್ಲಿವೆಯೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ನಿಮ್ಮಪ್ಪನ ಬಳೆಗಾಡಿಯ ಕೆಳಗೆ ಇದ್ದವು.

ನಮ್ಮ ಮದುವೆಯಾದ ಮೊದಲ ರಮಜಾನಿನ ಹಬ್ಬ. ಕಟ್ಟಿಗೆಯ ಗಾಲಿಯ ಒಂಟೆತ್ತಿನ ಗಾಡಿಯಲ್ಲಿ ಬಳೆ ಹೇರಿಕೊಂಡು ಕಪ್ಪತಗುಡ್ಡದ ಕಲ್ಲು ದಾರಿಯಲ್ಲಿ ಹೋಗಿಬರುವಷ್ಟರಲ್ಲಿ ಅರ್ಧ ಬಳೆ ಚೂರಾಗುತ್ತವೆಂದು ನೀನು ಹೇಳಿದ್ದೆ. ಮುಂಬಯಿಯಿಂದ ಲಾಟಿನಲ್ಲಿ ಬಂದ ಗುಜರಿಯೊಳಗೆ ಆ ಜೋಡಿ ಸಿಕ್ಕಿತ್ತು. ಲೇಥಿನಲ್ಲಿ ಅಚ್ಚು ಕಡೆಸಿ, ಟಯರು ಹಾಕಿ, ನಾನೇ ಮುಂಡರಗಿಗೆ ಒಯ್ದು ಗಾಡಿಗೆ ಕೂರಿಸಿಕೊಟ್ಟೆ. ಆವತ್ತು ಮಾಮಾ ಊರೆಲ್ಲ ಗಾಡಿ ಹೊಡೆದುಕೊಂಡು ಬಂದು, ಬಳೆಯ ಪೆಟ್ಟಿಗೆ ತೆರೆದು ನೋಡಿ, "ಒಂದೂ ಒಡದಿಲ್ಲ ನೋಡ್ರಿ! ನಮ್ಮ ಅಳ್ಯಾರ ಗಾಲಿ!" ಎಂದು ಮಗುವಿನಂತೆ ಕುಣಿದಿದ್ದರು. ದೃಷ್ಟಿಯಾಗಬಾರದೆಂದು ಗಾಲಿಗಳ ಒಳಬದಿಗೆ ಹಸಿರು ಬಣ್ಣ ಹಚ್ಚಿದರು. ನಿನಗೆ ನೆನಪಿದೆ.

ಕೇಳಿದ್ದರೆ ಕೊಡುತ್ತಿದ್ದರು. "ಮಾಮಾ, ಹೀಗೊಂದು ಗಿರಾಕಿ ಬಂದಿದೆ, ನನ್ನ ಅಂಗಡಿಯ ಹಣೆಬರಹ ಬದಲಾಗುತ್ತದೆ" ಎಂದಿದ್ದರೆ ತಾವೇ ಬೋಲ್ಟು ಬಿಚ್ಚಿ ಕೈಗಿಡುತ್ತಿದ್ದರು. ಆದರೆ ಅಳಿಯನಾದವನು ಹಬ್ಬಕ್ಕೆ ಕೊಟ್ಟದ್ದನ್ನು ಮಾವನ ಮನೆಯಿಂದ ವಾಪಸ್ ಕೇಳುವುದುಂಟೇ? ನಮ್ಮಲ್ಲಿ ಅದಕ್ಕಿಂತ ನಾಚಿಕೆಗೇಡಿನ ಮಾತಿಲ್ಲ. ಆ ನಾಚಿಕೆ ತಪ್ಪಿಸಿಕೊಳ್ಳಲು ನಾನು ಏನು ಮಾಡಿದೆ ಗೊತ್ತೇ? ಗಾಲಿ ಒಡೆದಿವೆ ಎಂದೆ.

ನೀನು ನಿನ್ನ ತಂಗಿ ಅಲ್ಮಾಸಬಿಯ ಹೆರಿಗೆಗೆಂದು ಶಿಗ್ಲಿಗೆ ಹೋದ ವಾರವೇ ಅದು, ರಮಜಾನ್ ಇನ್ನೂ ಶುರುವಾಗಿರಲಿಲ್ಲ. ಮುಂಡರಗಿಯ ಮನೆಯ ಅಂಗಳದಲ್ಲಿ ಗಾಲಿ ಕಳಚಿ, ಟಯರು ತೆಗೆದು, ಹಾರೆಗೆ ತೂಗುಹಾಕಿ ಸುತ್ತಿಗೆಯಿಂದ ಬಡಿದೆ. "ಕೇಳಿದ್ರ್ಯಾ ಮಾಮಾ, ಒಡಕು ದನಿ. ಈ ಲೋಹ ಒಳಗ ಸೀಳತೈತಿ, ಹೊರಗ ಕಾಣೂದಿಲ್ಲ. ಇಳಕಲಿನ್ಯಾಗ ಮುರದ್ರ ನೀವು ಗಾಡಿ ಕೆಳಗ."

ಮಾಮಾ ಕಣ್ಣು ಮುಚ್ಚಿ ಕೇಳಿದರು. "ನನಗ ನಾದ ಚಲೋನ ಕೇಳಿಸ್ತಲ್ರಿ. ಇನ್ನೊಮ್ಮಿ ಬಡೀರಿ ನೋಡೂಣು."

ಇನ್ನೊಮ್ಮೆ ಬಡಿದೆ. ಗುಡಿಯ ಗಂಟೆಯಂತೆ ಮೊಳಗಿತು. ನಾನು ತಲೆಯಾಡಿಸಿ "ಒಡಕು" ಎಂದೆ.

"ನನ್ನ ಕಿವಿ ಗಾಜಿಗೆ ಪಳಗೈತ್ರೀ. ಲೋಹದ ಸಂಗತಿ ನಿಮಗ ಗೊತ್ತು. ನೀವು ಒಡಕು ಅಂದ್ರ ಒಡಕ" ಎಂದರು. ಮಾಮಿ ತಂದ ಚಹಾ ನನ್ನ ಕೈಗೆ ಕೊಡುತ್ತಾ, "ಒಂದು ಮಾತು. ಇವನ್ನ ಯಾರಿಗೂ ಕೊಡಬ್ಯಾಡ್ರಿ. ಕುಲಿಮ್ಯಾಗ ಹಾಕಿ ಕರಗಿಸಿಬಿಡ್ರಿ. ಗೊತ್ತಿಲ್ಲದವರು ಹಾಕ್ಕೊಂಡು ಎಲ್ಲೆರ ಬಿದ್ದು ಸತ್ತಾರು" ಎಂದರು. ನಾನು ಹೂಂ ಎಂದೆ. ಅವರ ಗಾಡಿಗೆ ನನ್ನ ಅಂಗಡಿಯ ಮೂಲೆಯಲ್ಲಿದ್ದ ಎರಡು ಹಳೆಯ ಕಬ್ಬಿಣದ ಗಾಲಿ ಹಾಕಿಕೊಟ್ಟೆ. ಒಂದು ಸ್ವಲ್ಪ ಓಲಾಡುತ್ತದೆಂದು ಗೊತ್ತಿದ್ದೂ ಹಾಕಿದೆ.

ದೀಪದ ಎಣ್ಣೆ ಮುಗಿಯುತ್ತಾ ಬಂತು. ಕರೆಂಟು ಸಂಜೆಯಿಂದಲೇ ಇಲ್ಲ. ಉಳಿದದ್ದು ನಾಳೆ ಬರೆಯುತ್ತೇನೆ.

ಶುಕ್ರವಾರ

ನಮಾಜು ಮುಗಿಸಿ ಬಂದು ಮತ್ತೆ ಕೂತಿದ್ದೇನೆ. ನಿನ್ನೆ ಬರೆದದ್ದನ್ನು ಹರಿದು ಹಾಕಿ, ಡಾಕ್ಟರು ಊರಲ್ಲಿಲ್ಲ ಎಂದಷ್ಟೇ ಬರೆಯೋಣವೆಂದು ಬೆಳಿಗ್ಗೆ ಒಮ್ಮೆ ಅನ್ನಿಸಿತು. ಹರಿಯಲಿಲ್ಲ.

ಗಾಲಿಗಳಿಗೆ ಪಾಲೀಶು ಕೊಟ್ಟೆ. ಒಳಬದಿಯ ಹಸಿರು ಬಣ್ಣ ಮಾತ್ರ ಎಷ್ಟು ತಿಕ್ಕಿದರೂ ಪೂರ್ತಿ ಹೋಗಲಿಲ್ಲ, ಯಾರು ನೋಡುತ್ತಾರೆಂದು ಬಿಟ್ಟೆ. ರಮಜಾನಿನ ನಡುವಿನ ಒಂದು ಮಧ್ಯಾಹ್ನ ದೇವೇಂದ್ರಪ್ಪ ಸಾವ್ಕಾರರು ಕಾರನ್ನು ಮಿಲ್ಲಿನ ಲಾರಿಯಲ್ಲಿ ಹೇರಿಸಿ ತಂದರು. ಕೆಂಪು ಕಾರು ನೋಡಲು ಓಣಿಯೇ ಕೂಡಿತು. ಹುಬ್ಬಳ್ಳಿಯ ಮಿಸ್ತ್ರಿಯೊಬ್ಬನೂ ನನ್ನ ಕೆಲಸ ನೋಡಲೆಂದೇ ಬಂದಿದ್ದ. ಗಾಲಿ ಕೂರಿಸಿ ಬೋಲ್ಟು ಬಿಗಿದೆ. ಕಾರು ಇಳಿಸಿ ತಿರುಗಿಸಿ ನೋಡಿದೆವು. ಎಲ್ಲಿಯೂ ತಾಗಲಿಲ್ಲ. ನಾಲ್ಕೂ ಒಂದೇ ತಾಯಿಯ ಮಕ್ಕಳಂತೆ ಕಂಡವು. ಹುಬ್ಬಳ್ಳಿಯವನೇ "ಭೇಷ್!" ಎಂದ. ಸಾವ್ಕಾರರು ನನ್ನ ಬೆನ್ನು ತಟ್ಟಿ ಕಾರಿನ ಬಾಗಿಲು ತೆಗೆದರು.

ಅಷ್ಟರಲ್ಲಿ ಮುಂಡರಗಿಯ ಬಸ್ಸಿಳಿದು ಮಾಮಾ ಬಂದರು. ಹೆಗಲ ಮೇಲೆ ಚೀಲ. ನೀನು ಶಿಗ್ಲಿಯಿಂದ ಬಂದಿರುತ್ತೀ ಎಂದುಕೊಂಡು ಹಬ್ಬಕ್ಕೆ ನಿನಗೆ ಹಸಿರು ಬಳೆ, ಮಹಬೂಬನಿಗೆ ಟೋಪಿ ತಂದಿದ್ದರು. ನನ್ನ ಕಡೆ ನೋಡಿ ನಕ್ಕವರು, ಗಾಲಿಯ ಎಸಳು ಗುರುತಿಸಿ ಕಾರಿನ ಪಕ್ಕ ಬಗ್ಗಿ ಗಾಲಿಯ ಒಳಗೆ ನೋಡಿದರು. ಹಸಿರು ಬಣ್ಣ ಕಂಡಿತು. ಚೀಲ ಅಲ್ಲೇ ಬಿಸಾಕಿ ಓಡಿಹೋಗಿ ಕಾರಿನ ಮುಂದೆ ಅಡ್ಡ ನಿಂತರು.

"ಸಾವ್ಕಾರ್ರ, ಹತ್ತಬ್ಯಾಡ್ರಿ! ಈ ಎರಡು ಗಾಲಿ ಒಡದಾವ್ರಿ! ಇವು ನನ್ನ ಗಾಡಿವು. ಒಳಗ ಸೀಳ್ಯಾವಂತ ನಮ್ಮ ಅಳ್ಯಾರ ಬಡದು ತೋರ್ಸ್ಯಾರ. ಯಾರೋ ಗೊತ್ತಿಲ್ದ ಹಾಕ್ಯಾರ. ಇಳೀರಿ, ನಿಮ್ಮ ಜೀವ ದೊಡ್ಡದು!"

ಗೊತ್ತಿಲ್ಲದೆ ಯಾರೋ ಹಾಕಿದ್ದಾರೆ ಎಂದರು, ಸಾಬೀರಾ. ಆಗಲೂ ನನ್ನ ಮೇಲೆ ಸಂಶಯ ಬರಲಿಲ್ಲ. ಓಣಿಯೆಲ್ಲ ನನ್ನ ಕಡೆ ತಿರುಗಿತು. ನಾನು ಏನೋ ಹೇಳಿ ಸಾವ್ಕಾರರನ್ನು ಸಮಾಧಾನ ಮಾಡಿದೆ. ಮಾಮಾನನ್ನು ಬದಿಗೆ ಕರೆದುಕೊಂಡೆ. ಕಾರು ಹೋಯಿತು. ಇಬ್ಬರೂ ರೋಜಾ ಉಪವಾಸದಲ್ಲಿದ್ದೆವು. ಇಫ್ತಾರಿಗೆ ನಿಲ್ಲಿರಿ ಎಂದೆ. "ಬ್ಯಾಡ್ರಿ, ಮನೀಗೆ ಹೊಕ್ಕೇನಿ" ಎಂದು ಬಂದ ಕಾಲಲ್ಲೇ ಬಸ್ಸಿಗೆ ಹೊರಟರು. ದಾರಿಯಲ್ಲಿ ಬಸ್ಸಿನಲ್ಲೇ ಯಾರದೋ ಕೈಯ ನೀರು ಕುಡಿದು ರೋಜಾ ಬಿಟ್ಟಿರಬೇಕು.

ಹಬ್ಬಕ್ಕೆ ನಾನು ಮುಂಡರಗಿಗೆ ಬರಲಿಲ್ಲವೆಂದು, ಶಿಗ್ಲಿಯಿಂದ ನೇರ ಅಲ್ಲಿಗೆ ಬಂದಿದ್ದ ನೀನು ಮುನಿಸಿಕೊಂಡೆ. ಜ್ವರ ಎಂದು ಹೇಳಿ ಕಳಿಸಿದ್ದೆ. ಜ್ವರ ಇರಲಿಲ್ಲ. ಮುಂಡರಗಿಯ ಬಸ್ಸು ಹತ್ತಿದ್ದೆ, ಡಂಬಳದಲ್ಲಿ ಇಳಿದು ಎದುರಿನಿಂದ ಬಂದ ಬಸ್ಸಿಗೆ ವಾಪಸ್ ಬಂದೆ.

ಮಿಲ್ಲಿನ ಲಾರಿಗಳ ಕೆಲಸ ನನಗೇ ಬಂದಿದೆ. ಅಂಗಡಿಯ ಮುಂದೆ ನಿಂತ ಲಾರಿಗಳನ್ನು ನೋಡಿ ಜನ ಸಲಾಂ ಹೊಡೆಯುತ್ತಾರೆ. ಆದರೆ ಕೈಯಲ್ಲಿ ಸುತ್ತಿಗೆ ಹಿಡಿದರೆ ಸಾಕು, ಆ ಅಂಗಳ ಕಣ್ಣಮುಂದೆ ಬರುತ್ತದೆ. ಅದಕ್ಕೇ ಹುಡುಗರಿಗೆ ಕೆಲಸ ಬಿಟ್ಟು ಮೂಲೆಯಲ್ಲಿ ಕೂತಿರುತ್ತೇನೆ.

ಮಾಮಿಗೆ ನನ್ನ ಸಲಾಂ ಹೇಳು. ಅವರ ಕೆಮ್ಮಿಗೆ ಔಷಧಿ ಕಳಿಸುತ್ತೇನೆ. ಅಲ್ಮಾಸಬಿಯ ಕೂಸಿಗೆ ಆಯುಷ್ಯ, ಆರೋಗ್ಯ ಇರಲಿ. ಮಹಬೂಬ ಎತ್ತಿನ ಹತ್ತಿರ ಹೋಗದಂತೆ ನೋಡಿಕೋ, ಅದು ಗಾಡಿಯಿಲ್ಲದೆ ಸಿಟ್ಟಿಗೆದ್ದಿರುತ್ತದೆ. ಅಲ್ಲಾಹನು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ, ಮಾಮಾಗೆ ಇನ್ನೂ ಬಹಳ ಪಂಚಮಿಗಳನ್ನು ಕೊಡಲಿ.

ಇತಿ ನಿನ್ನ
ಗೌಸಸಾಬ

ತಾ.ಕ. "ಏನೋ ಹೇಳಿ" ಎಂದು ಮೇಲೆ ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೇನೆ. ಲಕೋಟೆಗೆ ಅಂಟು ಹಚ್ಚಿದ ಮೇಲೆ ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ.

ಸಾವ್ಕಾರರು "ಏನೋ ಗೌಸಸಾಬ, ಇವರು ಹೇಳೂದು ಖರೆ ಏನು?" ಎಂದು ಕೇಳಿದರು. ಹುಬ್ಬಳ್ಳಿಯವನು ನಗುತ್ತಿದ್ದ. ನಾನು, "ಇವರಿಗೆ ವಯಸ್ಸಾಗೈತ್ರೀ. ತಲಿ ನೆಟ್ಟಗಿಲ್ಲ. ಇಲ್ಲದ್ದೆಲ್ಲಾ ಕೇಳಸ್ತಾವ ಇವರಿಗೆ. ಮನಸಿಗೆ ಹಚ್ಕೋಬ್ಯಾಡ್ರಿ" ಎಂದೆ. ಓಣಿಯೆಲ್ಲ ಕೇಳುವಂತೆ ಅಂದೆ.

ಮಾಮಾ ನನ್ನ ಮುಖ ನೋಡಿದರು. "ನೀವು ಬಡದು ತೋರ್ಸಿದ್ರಲ್ಲರೀ, ನಮ್ಮ ಅಂಗಳದಾಗ?" ಎಂದರು, ಬಹಳ ಮೆಲ್ಲಗೆ.

"ಯಾವಾಗ ಮಾಮಾ? ನೀವು ಏನೋ ಕನಸು ಕಂಡೀರಿ" ಎಂದೆ.

ಅವರು ಸಿಟ್ಟಾಗುತ್ತಾರೆ, ನನ್ನ ಕಪಾಳಕ್ಕೆ ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ನನ್ನ ಪುಣ್ಯ. ಅಲ್ಲಿದ್ದ ಹಳೆಯ ಟಯರಿನ ಮೇಲೆ ಕೂತರು. ಎರಡೂ ಕಿವಿಗಳನ್ನು ಕೈಯಿಂದ ಉಜ್ಜಿಕೊಂಡರು. ಆಮೇಲೆ ಎದ್ದು ಸಾವ್ಕಾರರಿಗೆ ಕೈ ಮುಗಿದು, "ತಪ್ಪಾತ್ರಿ. ನಮ್ಮ ಅಳ್ಯಾರು ಸುಳ್ಳು ಹೇಳೂ ಮನಿಷ್ಯಾರಲ್ಲ. ನನ್ನ ತಲೀನ ಕೆಟ್ಟಿರಬೇಕು" ಎಂದರು.

ಅವರಿಗೆ ಯಾವ ರೋಗವೂ ಇಲ್ಲ, ಸಾಬೀರಾ. ಡಾಕ್ಟರ ಮುಂದೆ ನಾನು ಏನೆಂದು ಹೇಳಲಿ? ಗಾಲಿಯ ನಾದ ಚೆನ್ನಾಗಿತ್ತು. ಅವರ ಕಿವಿಗೆ ಕೇಳಿದ್ದೇ ಖರೆ. ನಾನು ಒಡಕು ಎಂದದ್ದೂ ಖರೆ, ಅವರು ಅದನ್ನು ಮರೆಯಲಿಲ್ಲ. ಈ ಕಾಗದವನ್ನು ಅವರ ಮುಂದೆ ಕೂತು ಮೊದಲಿನಿಂದ ಓದು, ಒಂದು ಸಾಲನ್ನೂ ಬಿಡಬೇಡ.

ಆದರೆ ನನಗೆ ಅವರು ಗೊತ್ತು. ಕೇಳಿ ಮುಗಿಸಿ, "ಇಲ್ಲವ್ವಾ, ನನ್ನ ಸಮಾಧಾನಕ್ಕ ಹಿಂಗ ಬರದಾರ. ಎಷ್ಟ ದೊಡ್ಡ ಮನಸು ನೋಡು ನಿನ್ನ ಗಂಡಂದು" ಎನ್ನುತ್ತಾರೆ. ನನ್ನ ಎರಡು ಸುಳ್ಳನ್ನು ನಂಬಿದವರು ಈ ಖರೆ ಮಾತೊಂದನ್ನು ನಂಬುವುದಿಲ್ಲ. ಅದಕ್ಕೇ ಬರುವ ಸಂತೆಯ ದಿನ ಮುಂಡರಗಿಗೆ ನಾನೇ ಬರುತ್ತೇನೆ. ಓಣಿಯ ಮುಂದೆ ಅಂದದ್ದನ್ನು ಸಂತೆಯ ಮುಂದೆ ವಾಪಸ್ ತೆಗೆದುಕೊಳ್ಳುತ್ತೇನೆ. ನನ್ನನ್ನು ಮನೆಯೊಳಗೆ ಕರೆಯುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಅಲ್ಲಿಯವರೆಗೆ ಒಂದು ಉಪಕಾರ ಮಾಡು. ಅವರು ಬಳೆ ಬಡಿದು ನೋಡಿ ಚಲೋ ಅಂದರೆ ಚಲೋ ಅನ್ನು, ಒಡಕು ಅಂದರೆ ಒಡಕು ಅನ್ನು. ಅವರ ಕೈಯಿಂದ ಬಳೆ ತಗೊಂಡು ಮತ್ತೊಮ್ಮೆ ಬಡಿದು ನೋಡಬೇಡ.